ನೆರಳಿನ ಮೊಳ

ಬೊಜ್ಜು ಇಳಿಸುವ ಹೊಟ್ಟೆಯ ಆಪರೇಷನ್ ಆದಮೇಲೆ ವಿಮಲಾಕ್ಷಿ ನಲವತ್ತು ಕೆಜಿ ಇಳಿದಿದ್ದಳು. ನೆರಳು ಮಾತ್ರ ಹಳೆಯದೇ. ತೂಕ ಇಳಿದವರಿಗೆಲ್ಲ ಹಾಗೆಯೇ. ಹಳೆಯ ಭಾರವೆಲ್ಲ ನೆರಳಿನಲ್ಲಿ ಉಳಿದು ಮಂಡಿಗಳನ್ನು ಜಗ್ಗುತ್ತದೆ, ನಡೆದರಷ್ಟೇ ಕರಗುತ್ತದೆ.

ದಿನಾ ಬೆಳಿಗ್ಗೆ ವಾಕರ್ ಊರಿಕೊಂಡು, ನೆರಳನ್ನು ಎಳೆದುಕೊಂಡು, ಬೀದಿಯ ತುದಿಯಲ್ಲಿ ಹೂ ಮಾರುವ ಪುಟ್ಟತಾಯಿಯವರೆಗೆ ಹೋಗುವಳು. ಪುಟ್ಟತಾಯಿ ನೆಲಕ್ಕೆ ಕೈಯಿಟ್ಟು ನೆರಳಿನ ಅಗಲ ಅಳೆಯುವಳು.

"ಅಕ್ಕಾ, ಇವತ್ತು ಎರಡು ಬೆರಳು ಕಮ್ಮಿ!"

ಆ ಮಾತಿಗಾಗಿಯೇ ವಿಮಲಾಕ್ಷಿ ಇಡೀ ಬೀದಿ ನಡೆಯುತ್ತಿದ್ದಳು.

ಸೋಮವಾರ ಆಸ್ಪತ್ರೆಯಲ್ಲಿ ನರ್ಸ್ ನೆರಳಿಗೆ ಟೇಪು ಹಿಡಿದಳು. "ಮೂರು ತಿಂಗಳಿಗೆ ಒಂದೇ ಇಂಚು ಇಳಿದಿದೆ ಮೇಡಂ. ನೀವು ನಡೀತಾನೇ ಇಲ್ವಾ?"

ಮರುದಿನ ವಿಮಲಾಕ್ಷಿ ಜಗಳಕ್ಕೆಂದೇ ಹೊರಟಳು. ಪುಟ್ಟತಾಯಿ ಯಾರಿಗೋ ಮಲ್ಲಿಗೆ ಅಳೆಯುತ್ತಿದ್ದಳು. ಎಲ್ಲ ಹೂವಿನವರಂತೆ ಅವಳ ಮೊಳವೂ ಮಣಿಕಟ್ಟಿನ ಹತ್ತಿರವೇ ಮುಗಿಯಿತು. ಗಿರಾಕಿ ಹೋದಮೇಲೆ ವಿಮಲಾಕ್ಷಿಯ ನೆರಳಿನ ಪಕ್ಕ ಕುಕ್ಕರಿಸಿದಳು. ಬೆರಳ ತುದಿಯವರೆಗೆ ಕೈ ಚಾಚಿ, ಸಾಲದೆ ಭುಜವನ್ನೂ ಬಗ್ಗಿಸಿ, ಉದ್ದುದ್ದ ಮೊಳ ಹಾಕಿದಳು.

"ಇನ್ನೂ ಎರಡು ಬೆರಳು ಕಮ್ಮಿ ಆಗೈತೆ ಅಕ್ಕಾ!"

ವಿಮಲಾಕ್ಷಿ ಆ ಚಾಚಿದ ಕೈಯನ್ನೂ, ಬೀದಿಯಾಚೆಯ ಬೇವಿನ ಮರವನ್ನೂ ನೋಡಿದಳು.

"ನಾಳೆ ಆ ಬೇವಿನ ಮರದವರೆಗೂ ನಡೀತೀನಿ ಪುಟ್ಟತಾಯಿ," ಎಂದಳು. "ನೀನೇ ಅಲ್ಲಿಗೆ ಬಂದು ಅಳೀಬೇಕು."