ಸುವಾರ್ತವ್ವನ ಚೀಟಿ

ಗದಗಿನ ನೇಕಾರರ ಓಣಿಯ ಪಕ್ಕದಲ್ಲೊಂದು ಹಳೆಯ ಚರ್ಚ್. ಅದರ ಬಾಗಿಲ ಬಳಿ ಒಂದು ಪುಟ್ಟ ಟೇಬಲ್... ಟೇಬಲ್ಲಿನ ಹಿಂದೆ ಸತ್ಯಪುತ್ರ ಮಾಸ್ತರರು.

ಪ್ರತಿ ಭಾನುವಾರ ಆರಾಧನೆಗೆ ಮೊದಲು ಜನ ಅವರ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಆ ವಾರ ದೇವರು ಮಾಡಿದ ಉಪಕಾರವನ್ನು ಒಬ್ಬೊಬ್ಬರೂ ಹೇಳುವುದು, ಮಾಸ್ತರರು ಅದನ್ನು ಅವರವರ ಹೆಸರಿನೊಂದಿಗೆ ಚೀಟಿಯಲ್ಲಿ ಬರೆಯುವುದು.

ಚೀಟಿಗಳೆಲ್ಲ ಒಂದು ತಟ್ಟೆಯಲ್ಲಿ ವೇದಿಕೆಗೆ ಹೋಗುತ್ತಿದ್ದವು. ಸಮಯವಿದ್ದಷ್ಟು ಪಾಸ್ಟರ್ ಒಂದೊಂದನ್ನೇ ಓದಿದಾಗ ಸಭೆಯೆಲ್ಲ ಒಂದೇ ದನಿಯಲ್ಲಿ "ಸ್ತೋತ್ರ" ಎನ್ನುತ್ತಿತ್ತು.

ಶಾಲೆಯಿಂದ ರಿಟೈರ್ ಆಗಿ, ಹೆಂಡತಿಯೂ ತೀರಿಹೋದ ಮೇಲೆ, ಮಾಸ್ತರರಿಗಾಗಿ ಯಾರಾದರೂ ಕಾಯುತ್ತಿದ್ದ ಜಾಗ ಈ ಲೋಕದಲ್ಲಿ ಅದೊಂದೇ...

ಆದರೆ ನಾಲ್ಕು ತಿಂಗಳಿಂದ ಅವರ ಬಲಗೈ ನಡುಗತೊಡಗಿತ್ತು.

"ಇದು ವಾಸಿ ಆಗೂದಲ್ರಿ ಮಾಸ್ತರ. ಗುಳಿಗಿ ತಗೊಂಡ್ರ ಸ್ವಲ್ಪ ತಡೀಬಹುದು, ಅಷ್ಟ," ಎಂದಿದ್ದರು ಡಾಕ್ಟರ್.

ಮಾಸ್ತರರು ಯಾರಿಗೂ ಹೇಳಲಿಲ್ಲ. ತಿಳಿದರೆ ಟೇಬಲ್ ಬೇರೆಯವರ ಪಾಲಾಗುತ್ತದೆ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಅದುಮಿ ಹಿಡಿದು, ಉಸಿರು ಬಿಗಿಹಿಡಿದು ಬರೆಯುತ್ತಿದ್ದರು.

ಆ ಭಾನುವಾರ ಮೂರು ಚೀಟಿ ಹೇಗೋ ಮುಗಿದವು. ನಾಲ್ಕನೆಯವಳಾಗಿ ಸುವಾರ್ತವ್ವ ಬಂದು ನಿಂತಳು.

ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುವ ಹೆಂಗಸು ಆಕೆ. ಓದು ಬಾರದು. ಏಳು ವರ್ಷಗಳಿಂದ ವಾರ ತಪ್ಪದೆ ಬರೆಸುತ್ತಿದ್ದುದು ಒಂದೇ ಮಾತು... "ಈ ವಾರನೂ ಕೈಕಾಲು ಗಟ್ಟಿ ಇದ್ದವು, ಕೆಲಸ ಇತ್ತು. ಸ್ತೋತ್ರ."

ಮಾಸ್ತರರಿಗೆ ರೇಗುತ್ತಿತ್ತು. "ಇದೇನ ಸುದ್ದಿ ಬೇ? ಪರೀಕ್ಷಾ ಪಾಸಾದ್ರ ಬರಸ್ತಾರ, ಆಪರೇಷನ್ ಚಲೋ ಆದ್ರ ಬರಸ್ತಾರ. ಏನೂ ಆಗದ್ದಕ್ಕ ಯಾರರ ಬರಸ್ತಾರೇನು?"

"ಏನೂ ಆಗ್ಲಿಲ್ಲಲ್ರಿ ಮಾಸ್ತರ, ಅದಕ್ಕ!" ಎಂದು ಆಕೆ ನಗುತ್ತಿದ್ದಳು.

ಅವರು ಬರೆಯುತ್ತಿದ್ದರು. ಆಕೆ ಒಳಗೆ ಹೋದ ಮೇಲೆ ಚೀಟಿಯನ್ನು ಮೆಲ್ಲಗೆ ಕೋಟಿನ ಕಿಸೆಗೆ ಸೇರಿಸುತ್ತಿದ್ದರು. ಸಭೆಯ ಸಮಯ ಹಾಳಾಗಬಾರದಲ್ಲ...

ಹಿಂದಿನ ಬೆಂಚಿನಲ್ಲಿ ಆಕೆ ತನ್ನ ಹೆಸರಿಗಾಗಿ ಕಿವಿಗೊಟ್ಟು ಕೂತಿರುತ್ತಿದ್ದಳು. ಓದುವುದು ಮುಗಿದಾಗ ಪಕ್ಕದವರಿಗೆ, "ಮುಂದಿನ ವಾರ ಬರ್ತೈತಿ ತಗೋ," ಎನ್ನುತ್ತಿದ್ದಳು.

ಇಂದು ಆಕೆಯ ಮುಖದಲ್ಲಿ ನಗುವಿರಲಿಲ್ಲ.

"ಈ ವಾರ 'ಕೆಲಸ ಇತ್ತು' ಅನ್ನೂದು ಬಿಡ್ರಿ ಮಾಸ್ತರ."

"ಯಾಕವ್ವ?"

"ಮಗ್ಗ ಬಿಚ್ಚಿ ಗುಜರಿಗೆ ಹಾಕಿದ್ರು. ಇಪ್ಪತ್ತೇಳು ವರ್ಷ ಸುತ್ತಿದ ಕೈರಿ... ಮುಂಜಾನೆದ್ದು ಇವನ್ನ ಏನ್ ಮಾಡ್ಬೇಕೋ ತಿಳೀವಲ್ದು. ಆದ್ರೂ ಗಟ್ಟಿ ಅದಾವ. ಅಷ್ಟ ಬರೀರಿ."

ಟೇಬಲ್ಲಿನ ಈಚೆ, ಕೆಲಸವಿದ್ದೂ ಕೈಯಿಲ್ಲದವನು... ಆಚೆ, ಕೈಯಿದ್ದೂ ಕೆಲಸವಿಲ್ಲದವಳು.

ಮಾಸ್ತರರು ಬರೆಯಲು ಹೋದರು. ಪೆನ್ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಕಾಗದದ ಮೇಲೆ ಕೋಳಿ ಕೆದರಿದಂತೆ ನಾಲ್ಕು ಗೆರೆ ಮೂಡಿದವು. ಅಕ್ಷರ ಒಂದೂ ಇಲ್ಲ.

"ಆತೇನ್ರಿ?"

"ಆತವ್ವ..."

ಆಕೆ ಒಳಗೆ ಹೋದಳು. ಮಾಸ್ತರರ ಕೈ ರೂಢಿಯಂತೆ ಕಿಸೆಯತ್ತ ಸರಿಯಿತು. ಅಲ್ಲಿ ಇಟ್ಟುಬಿಟ್ಟರೆ ಗುಟ್ಟು ಉಳಿಯುತ್ತದೆ, ಟೇಬಲ್ ಉಳಿಯುತ್ತದೆ.

ಕಿಸೆಗೆ ಹಾಕುವ ಮುನ್ನ ಆ ಗೆರೆಗಳನ್ನು ಮತ್ತೊಮ್ಮೆ ನೋಡಿದರು...

'ಕೈಕಾಲು ಗಟ್ಟಿ ಇದ್ದವು' ಎಂದು ಏಳು ವರ್ಷ ದುಂಡಗೆ ಬರೆದದ್ದು ಇದೇ ಕೈ! ಆ ಮಾತು ತನ್ನದೂ ಆಗಿತ್ತೆಂದು ಒಂದು ವಾರವಾದರೂ ಅವರಿಗೆ ಹೊಳೆದಿರಲಿಲ್ಲ.

ಚೀಟಿಯನ್ನು ತಟ್ಟೆಯಲ್ಲಿಟ್ಟರು.

ಪಾಸ್ಟರ್ ಅದನ್ನೆತ್ತಿ ಕನ್ನಡಕ ಸರಿಪಡಿಸಿಕೊಂಡರು. ತಿರುಗಿಸಿ ನೋಡಿದರು. "ಮಾಸ್ತರ, ಇದೇನ್ ಬರದೀರಿ?"

"ಡಾಕ್ಟರ್ ಬರದ ಚೀಟಿ ಇದರಾಗ ಸೇರಿರಬೇಕ್ರಿ!" ಎಂದು ಯಾರೋ ಅಂದರು. ಜನ ನಕ್ಕರು.

ಮಾಸ್ತರರು ಎದ್ದು ನಿಂತರು. ಬಲಗೈಯನ್ನು ಮರೆಮಾಡಲಿಲ್ಲ. ಎಲ್ಲರೆದುರು ಅದು ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿತ್ತು.

"ಅದು ಸುವಾರ್ತವ್ವನ ಚೀಟಿರಿ. 'ಕೈಕಾಲು ಗಟ್ಟಿ ಅದಾವ, ಸ್ತೋತ್ರ' ಅಂತ. ಏಳು ವರ್ಷ ಆಕಿ ಬರಿಸ್ಯಾಳ... ಏಳು ವರ್ಷ ನಾ ಕಿಸೇದಾಗ ಮುಚ್ಚಿಟ್ಟೀನಿ. ಇದೇನ್ ದೊಡ್ಡ ಸುದ್ದಿ ಅಂತ. ಈಗ ನನ್ನ ಕೈ ಹೋತ್ರಿ..."

ಅಷ್ಟು ಹೇಳಿ ಕುಳಿತರು.

ಸಭೆ "ಸ್ತೋತ್ರ" ಎನ್ನುವುದನ್ನೇ ಮರೆಯಿತು.

ಆರಾಧನೆ ಮುಗಿದ ಮೇಲೆ ಪಾಸ್ಟರ್ ಮಾಸ್ತರರ ಹೆಗಲ ಮೇಲೆ ಕೈಯಿಟ್ಟರು. "ಮುಂದಿನ ವಾರದಿಂದ ಬ್ಯಾರೆಯವರು ಬರೀಲಿ. ನೀವು ಆರಾಮ ಇರ್ರಿ." ದನಿಯಲ್ಲಿ ಕರುಣೆಯಿತ್ತು. ಕರುಣೆಯಿಂದ ಟೇಬಲ್ ಉಳಿಯುವುದಿಲ್ಲವಲ್ಲ...

ಮೆಟ್ಟಿಲ ಮೇಲೆ ಕುಳಿತಿದ್ದ ಮಾಸ್ತರರ ಪಕ್ಕದಲ್ಲಿ ಸುವಾರ್ತವ್ವ ಬಂದು ಕೂತಳು.

"ಏಳು ವರ್ಷೇನ್ರಿ ಮಾಸ್ತರ? ದೇವ್ರಿಗೇ ನನ್ನ ಹೆಸರು ನೆನಪಿಲ್ಲ ಅಂತ ತಿಳಿದಿದ್ನಲ್ರಿ ನಾನು..."

"ತಪ್ಪಾತವ್ವ. ಕ್ಷಮಾ ಮಾಡು."

ಕ್ಷಮಿಸಿದೆನೆಂದು ಆಕೆ ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವರ ನಡುಗುವ ಕೈಯನ್ನು ತನ್ನ ಎರಡೂ ಕೈಗಳ ನಡುವೆ ತೆಗೆದುಕೊಂಡು ಗಟ್ಟಿಯಾಗಿ ಹಿಡಿದಳು.

ಕೈ ನಿಂತಿತು.

"ನೋಡ್ರಿ... ಸದ್ಯಕ್ಕ ಇವಕ್ಕೊಂದು ಕೆಲಸ ಆತು," ಎಂದಳು.

ಅಂಗಳ ಖಾಲಿಯಾಗುವವರೆಗೂ ಆಕೆ ಬಿಡಲಿಲ್ಲ. ಬಿಟ್ಟ ಮೇಲೆ ಕೈ ಮತ್ತೆ ನಡುಗತೊಡಗಿತು.

ಏನೂ ಆಗದೆ ಕಳೆದುಹೋದ ದಿನವೇ ದೇವರು ಕೊಟ್ಟ ದೊಡ್ಡ ದಿನ. ನಮಗೆ ಅದು ತಿಳಿಯುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಇಂದು ಬೆಳಿಗ್ಗೆ ನಿಮ್ಮ ಕೈ ಒಂದು ಹನಿಯೂ ಚೆಲ್ಲದೆ ಚಹಾದ ಲೋಟವನ್ನು ತುಟಿಗೆ ತಂದಿತಲ್ಲ... ಅದಕ್ಕೊಂದು ಸ್ತೋತ್ರ ಹೇಳಿದಿರಾ?