ಹೆತ್ತವರಿಗೆಲ್ಲ ಇದ್ದದ್ದೇ

ಸೀನಿದರೆ, ನಕ್ಕರೆ, ನೀರಿನ ಕೊಡ ಎತ್ತಿದರೆ ಮೂತ್ರ ಜಿನುಗಿ ಸೊಸೆಯ ಸೀರೆ ಒದ್ದೆಯಾಗುತ್ತಿತ್ತು. ಮೊದಲ ಹೆರಿಗೆಯಿಂದಲೂ ಹಾಗೆಯೇ. ಡಾಕ್ಟರಿಗೆ ತೋರಿಸುತ್ತೇನೆ ಎಂದಾಗ ಅತ್ತೆ ತಡೆದಿದ್ದರು.

"ಹೆತ್ತವರಿಗೆಲ್ಲ ಇದ್ದದ್ದೇ ಕಣೇ. ಇದನ್ನೆಲ್ಲ ಯಾರಾದ್ರೂ ಡಾಕ್ಟರ ಹತ್ರ ಹೇಳ್ಕೋತಾರಾ?" ಎಂದು ತಮ್ಮ ಪೆಟ್ಟಿಗೆಯಿಂದ, ಮೊದಲೇ ಹರಿದು ಮಡಚಿಟ್ಟಿದ್ದ ಹಳೆ ಪಂಚೆಯ ತುಂಡುಗಳನ್ನು ತೆಗೆದುಕೊಟ್ಟಿದ್ದರು.

"ನಗೋದು ಸ್ವಲ್ಪ ಕಮ್ಮಿ ಮಾಡು," ಎಂದು ಗಂಡ ಪೇಪರಿನಿಂದ ತಲೆ ಎತ್ತದೆ ಸಲಹೆ ಕೊಟ್ಟಿದ್ದ.

ಮಕ್ಕಳು ದೊಡ್ಡವರಾದರು. ಗಂಡನಿಗೆ ಪ್ರಾಸ್ಟೇಟ್ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಆತ ಸೀನಿದ, ಪಂಚೆ ಒದ್ದೆಯಾಯಿತು. ಇಡೀ ಮನೆ ಗಾಬರಿಬಿತ್ತು. ಅತ್ತೆ ದೇವರಿಗೆ ಹರಕೆ ಹೊತ್ತರು. ತಮ್ಮಂದಿರು ಫೋನ್ ಮಾಡಿ ವಿಚಾರಿಸಿಕೊಂಡರು. ಸಂಜೆಯೊಳಗೆ ಫಿಸಿಯೋಥೆರಪಿಸ್ಟ್ ಮನೆಗೇ ಬಂದಳು.

ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಆತ ಯಜ್ಞದಂತೆ ಮಾಡತೊಡಗಿದ. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಮಿಕ್ಸಿ ಹಾಕುವಂತಿರಲಿಲ್ಲ. ಕೆಲವೇ ವಾರಗಳಲ್ಲಿ ಸೀನಿದರೂ ಪಂಚೆ ಒಣಗಿಯೇ ಇರುತ್ತಿತ್ತು.

"ಗಂಡಸರಿಗೆ ಎಂಥೆಂಥ ಚಿಕಿತ್ಸೆ ಬಂದಿದೆ ನೋಡಿ ಈಗ," ಎಂದು ಆತ ಫಿಸಿಯೋಥೆರಪಿಸ್ಟ್ ಎದುರು ಹೇಳಿದ, ತಾನೇ ಕಂಡುಹಿಡಿದವನಂತೆ.

"ಈಗ ಬಂದಿದ್ದಲ್ಲ ಸಾರ್. ಮೊದಲಿಂದ ಹೇಳಿಕೊಡ್ತಿದ್ದಿದ್ದೇ ಹೆರಿಗೆಯಾದ ಹೆಂಗಸರಿಗೆ. ತುಂಬಾ ಜನಕ್ಕೆ ವಾಸಿಯಾಗತ್ತೆ."

ಸೊಸೆ ಕಾಫಿ ಲೋಟ ಹಿಡಿದು ನಿಂತೇ ಇದ್ದಳು. ಬಾಗಿಲ ಮರೆಯಿಂದ ಅತ್ತೆ ಸಣ್ಣ ದನಿಯಲ್ಲಿ ಕೇಳಿದರು:

"ಎಂಬತ್ತು ದಾಟಿದ್ಮೇಲೆ ಶುರು ಮಾಡಿದ್ರೂ ಆಗತ್ತೇನಮ್ಮ?"