ನಲ್ಲಿ, ಪೈಪು, ಟ್ಯಾಂಕು

ವೆಬ್‌ಸೈಟ್ ಕಟ್ಟುವ ಫುಲ್ ಸ್ಟ್ಯಾಕ್ ವಿದ್ಯೆ ಕಲಿಯಲು ನವೀನ್ ಕುಮಾರನಿಗೆ ಕೋರ್ಸಿನ ಫೀಜು ಹದಿನೆಂಟು ಸಾವಿರ ಬಿತ್ತು. ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪಿಗೆ ಹದಿನಾಲ್ಕು ಸಾವಿರ. ಭಾನುವಾರ ಭಾನುವಾರ ಐ.ಡಿ.ಹಳ್ಳಿಯಿಂದ ಮಧುಗಿರಿಗೆ ಬಸ್ ಚಾರ್ಜು ಬೇರೆ. ಕೈಕಾಲು ಈ ಲೆಕ್ಕದಲ್ಲಿ ಸೇರಿರಲಿಲ್ಲ. ಆ ಬಾಬತ್ತು ಮಂಗಳವಾರ ಸಂಜೆ ಪರದೆಯ ಮೇಲೆ ಮೂಡಿತು.

"ಇವತ್ತು ಹಳದಿ ಅಂಗಿ ಹಾಕ್ಕಂಡು ಹೋದೆ. ನೋಡಿದೀವಿ. ಈ ಪುಟ ತೆಗಿ. ಇಲ್ಲಾಂದ್ರೆ ಕಾಲು ಮುರೀತೀವಿ."

ನವೀನ್ ತನ್ನ ಅಂಗಿ ನೋಡಿಕೊಂಡ. ಹಳದಿಯೇ.

ಅವನು ಗುತ್ತಿಗೆದಾರ ದೊಡ್ಡರಂಗಯ್ಯನ ಬಳಿ ಸೂಪರ್‌ವೈಸರ್. ಊರೂರಿಗೆ ಕುಡಿಯುವ ನೀರು ಕೊಡುವ ಗುತ್ತಿಗೆ. ಮನೆಮನೆಗೂ ನಲ್ಲಿ ನೆಟ್ಟಿದ್ದರು, ಎತ್ತರಕ್ಕೆ ಟ್ಯಾಂಕು ಕಟ್ಟಿದ್ದರು. ನಡುವಿನ ಪೈಪು ಹೂಳದೆಯೇ ಬಿಲ್ಲು ಪಾಸಾಗಿತ್ತು. ಹೆಂಗಸರು ಒಣ ನಲ್ಲಿಗೆ ಕರು ಕಟ್ಟಿಕೊಂಡಿದ್ದರು. ನವೀನ್ ಯಾರಿಗೂ ತಿಳಿಯದಂತೆ ಅದರ ಫೋಟೋ ತೆಗೆದಿಟ್ಟಿದ್ದ.

ಆ ಫೋಟೋಗಳಿಗೆ ದಾರಿ ತೋರಿಸಿದ್ದೇ ಕೋರ್ಸು. ಮೊದಲ ದಿನ ಮೇಷ್ಟ್ರು ಚಿರಂಜೀವಿ ಅವನ ಕೆಲಸ ಏನೆಂದು ಕೇಳಿ, ಅದರಲ್ಲೇ ಪಾಠ ಶುರುಮಾಡಿದ್ದರು. "ವೆಬ್‌ಸೈಟಲ್ಲಿ ಜನಕ್ಕೆ ಕಾಣೋದು ನಲ್ಲಿ. ಎಲ್ಲ ಕೂಡಿಡೋದು ಟ್ಯಾಂಕು. ಕೇಳಿದೋರಿಗೆ ಕೇಳಿದ್ದನ್ನ ಹರಿಸೋದು ಪೈಪು. ಮೂರನ್ನೂ ಒಬ್ಬನೇ ಮಾಡಿದ್ರೆ ಅದೇ ಫುಲ್ ಸ್ಟ್ಯಾಕ್. ಆದ್ರೆ ಕೊನೇ ಪಾಠ ಮುಗಿಯೋವರೆಗೂ ಮೇಸ್ತ್ರಿ ಆಗ್ಬುಟ್ಟೆ ಅನ್ಕೋಬೇಡ."

ನವೀನ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. ಕೋರ್ಸಿನ ಅರ್ಧದಲ್ಲೇ ಹೆಸರು ಹಾಕದೆ ಪುಟ ಕಟ್ಟಿದ. ಮೇಲೆ ಫೋಟೋಗಳು, ಕೆಳಗೆ, ಯಾರು ಬೇಕಾದರೂ ಬರೆಯಲು ಒಂದು ಚೌಕ. ಮೊದಲು ಹೆಂಡತಿ ರಕ್ಷಾಳನ್ನು ಕರೆದು ತೋರಿಸಿದ.

"ಇದ್ನ ಯಾರ್ಯಾರು ನೋಡ್ತಾರೆ?"

"ಲೋಕವೇ ನೋಡ್ತೈತೆ ಕಣೇ."

ಅವಳ ಮುಖ ಸಣ್ಣದಾಯಿತು. "ಕಳ್ಳಂಬೆಳ್ಳದ ಕಡೆ ಚಿಕ್ಕನರಸಯ್ಯ ಇದೇ ದೊಡ್ಡರಂಗಯ್ಯಣ್ಣನ ಮೇಲೆ ಅರ್ಜಿ ಕೊಟ್ಟು ಏನಾದ? ಇವತ್ಗೂ ಕೋಲೂರ್ಕಂಡು ನಡೀತಾನೆ. ತೆಗ್ದುಬುಡ್ರಿ."

"ಹೆಸ್ರೇ ಹಾಕಿಲ್ಲ ಬುಡು. ಲ್ಯಾಪ್‌ಟಾಪ್ ಮಾತ್ರ ಮುಚ್ಬೇಡ. ಮುಚ್ಚಿದ್ರೆ ಪುಟ ನಿಂತೋಗ್ತೈತೆ."

ಪುಟದ ವಿಳಾಸವನ್ನು ಚೀಟಿಯಲ್ಲಿ ಬರೆದು ಬಸ್ ಸ್ಟಾಪಿನ ಗೋಡೆಗೆ ಅಂಟಿಸಿದ. ಮರುದಿನ ಅಲ್ಲೊಬ್ಬ ಅದನ್ನು ಫೋನಿನಲ್ಲಿ ಒತ್ತುತ್ತಿದ್ದ. "ಥೂ, ತಿರುಗ್ತಾನೇ ಐತೆ," ಎಂದು ಬೈದುಕೊಂಡ. ಊರಿನ ನೆಟ್‌ವರ್ಕೇ ಅಷ್ಟು ಎಂದುಕೊಂಡು ನವೀನ್ ಬಸ್ಸು ಹತ್ತಿದ. ಆ ಮಂಗಳವಾರವೇ ಹಳದಿ ಅಂಗಿಯ ಮಾತು ಬಂದದ್ದು.

ಗುರುವಾರ ಇನ್ನೊಂದು ಬಂತು. "ನಿಮ್ಮ ಹಿತ್ತಲ ಬಾಗಿಲಿಗೆ ಚಿಲಕ ಇಲ್ಲ. ಹುಷಾರು."

ರಕ್ಷಾ ಹೆದರಿಯಾಳೆಂದು ಅವನು ಬಾಯಿ ಬಿಡಲಿಲ್ಲ. ಬಡಗಿಯನ್ನು ಕರೆತಂದು ಕಬ್ಬಿಣದ ಚಿಲಕ ಹಾಕಿಸಿದ.

"ಅಂತೂ ಹಾಕ್ಸಿದ್ರಲ್ಲ! ಯುಗಾದಿಯಿಂದ ಬಡ್ಕಂತಿದ್ದೆ," ಎಂದಳು ರಕ್ಷಾ. "ಯಾರು ಹೇಳಿದ್ರು ಕೇಳಿದ್ರಿ?"

"ಕಳ್ಳರ ಕಾಟ," ಎಂದ ನವೀನ್.

ಶನಿವಾರದ್ದು ಚಿಕ್ಕದಾಗಿತ್ತು. "ಇದೇ ಕೊನೆ ಸಲ."

ಭಾನುವಾರ ಬೆಳಗ್ಗೆ ಅವನು ಕ್ಲಾಸಿಗೆ ಹೋಗುವ ಮೊದಲು ಲ್ಯಾಪ್‌ಟಾಪ್ ಹಿಡಿದು ದೊಡ್ಡರಂಗಯ್ಯನ ಗೋಡೌನಿಗೆ ಹೋದ. "ಅಣ್ಣ, ತಪ್ಪಾಯ್ತು. ಇವತ್ತೇ ತೆಗೀತೀನಿ. ಕಾಲು ಮುರಿಯೋದು ಬೇಡ ಅಂತ ಹುಡುಗ್ರಿಗೆ ಹೇಳಿ."

ದೊಡ್ಡರಂಗಯ್ಯ ಎಲೆಗೆ ಸುಣ್ಣ ಸವರುತ್ತಿದ್ದ. ಬೆರಳು ನಿಂತಿತು. "ಏನ್ಲಾ ಅದು? ತೋರ್ಸು."

ನವೀನ್ ತೆರೆದು ತೋರಿಸಿದ. ದೊಡ್ಡರಂಗಯ್ಯ ಒಂದೊಂದು ಫೋಟೋವನ್ನೂ ನಿಧಾನವಾಗಿ ನೋಡಿದ. ಕೆಳಗಿನ ಬೆದರಿಕೆಗಳನ್ನೂ ಓದಿದ.

"ಇವನ್ನೆಲ್ಲ ಬರೆದೋರ್ಯಾರು?"

"ನಿಮ್ಮೋರೇ ಅಲ್ವಾ ಅಣ್ಣ?"

"ಇರ್ಬೋದು." ಎಲೆ ಮಡಿಸಿ ಬಾಯಿಗಿಟ್ಟುಕೊಂಡ. "ಮನೇಲಿ ಯಾರವ್ರೆ?"

"ರಕ್ಷಾ ಒಬ್ಳೇ."

"ಸರಿ, ಹೋಗು. ನೀನಾಗೇ ಬಂದು ಹೇಳಿದ್ದು ಒಳ್ಳೇದಾಯ್ತು."

ಬದುಕಿದೆ ಎನ್ನಿಸಿತು ನವೀನ್‌ಗೆ. ಅಲ್ಲಿಂದ ನೇರವಾಗಿ ಕ್ಲಾಸಿಗೆ ಬಸ್ಸು ಹತ್ತಿದ. ಪುಟವನ್ನು ಬೇರುಸಹಿತ ಅಳಿಸುವುದು ಹೇಗೆಂದು ಕೇಳಬೇಕಿತ್ತು.

ಚಿರಂಜೀವಿ ಮೇಷ್ಟ್ರು ವಿಳಾಸ ನೋಡಿ ಜೋರಾಗಿ ನಕ್ಕರು. "ಇದು ನಿನ್ನ ಲ್ಯಾಪ್‌ಟಾಪ್ ಬಿಟ್ಟು ಆಚೆಗೇ ಹೋಗಿಲ್ಲವಲ್ಲಯ್ಯ! ಬೇರೆಯವರು ಒತ್ತಿದ್ರೆ ಏನೂ ಬರಲ್ಲ. ನಲ್ಲಿ ಐತೆ, ಟ್ಯಾಂಕು ಐತೆ, ಬೀದಿಗೆ ಪೈಪೇ ಎಳೆದಿಲ್ಲ. ಥೇಟ್ ನಿಮ್ಮ ಗುತ್ತಿಗೆ ಕೆಲಸ! ಲೋಕಕ್ಕೆ ಬಿಡೋದೇ ಕೊನೇ ಪಾಠ."

"ಮತ್ತೆ ಕೆಳಗೆ ಬರೆದಿರೋರು?"

"ಇದರ ಮುಂದೆ ಕೂತೋರು. ಬೇರೆಯವರ ಕೈಲಿ ಆಗಲ್ಲ."

ಹಳದಿ ಅಂಗಿಗೆ ಇಸ್ತ್ರಿ ಹಾಕಿಕೊಟ್ಟವಳು ರಕ್ಷಾ. ಚಿಲಕ ಹಾಕಿಸಿ ಎಂದು ಬಡಿದುಕೊಂಡವಳೂ ರಕ್ಷಾ. ದಿನವಿಡೀ ತೆರೆದಿಟ್ಟ ಲ್ಯಾಪ್‌ಟಾಪಿನ ಜೊತೆ ಮನೆಯಲ್ಲಿದ್ದವಳೂ ಅವಳೇ.

ನವೀನ್ ಮನೆಗೆ ಫೋನ್ ಮಾಡಿದ.

"ಎಲ್ಲಿದೀರಿ?" ರಕ್ಷಾ ಪಿಸುಗುಟ್ಟುತ್ತಿದ್ದಳು. "ಅಣ್ಣನ ಜೀಪು ಬಂದೈತೆ. ಮುಂಬಾಗ್ಲು ಒದೀತಾವ್ರೆ. ಹಿತ್ತಲ ಚಿಲ್ಕ ಹಾಕ್ಕಂಡಿದೀನಿ. ಅವ್ರಿಗೆ ಹೆಂಗ್ರೀ ಗೊತ್ತಾಯ್ತು?"

ಇಡೀ ಲೋಕದಲ್ಲಿ ಆ ಪುಟ ಓದಿದ್ದವರು ಇಬ್ಬರೇ, ಕಟ್ಟಿದ ಅವನು ಮತ್ತು ಅವನ ಕಾಲು ಉಳಿಸಲು ಬೆದರಿಸಿದ ಅವಳು. ಮೂರನೆಯವನಿಗೆ ಅವನೇ ಹೊತ್ತುಕೊಂಡು ಹೋಗಿ ಓದಿಸಿ ಬಂದಿದ್ದ.